ಮುಧೋಳ ನಾಯಿಗೆ ವಂಶದ ಕಾಗದ: ಮರಿ ಆರಿಸುವುದರಿಂದ ಷೋ ರಿಂಗ್ ದಾಟಿ ಸಂತಾನದ ನೋಂದಣಿವರೆಗೆ

"ಪೇಪರ್ ಇರೋ ಮರಿ ಬೇಕ್ರೀ, ಇಲ್ಲದ್ದೂ ನಡೀತದ್ರೀ?" ಮುಧೋಳ ಕಡೆ ಮರಿ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ನನಗೂ ಎದುರಾಗಿತ್ತು. ಪೇಪರ್ ಅಂದರೆ ನಾಯಿಯ ತಂದೆ ತಾಯಿ, ಹಿಂದಿನವರ ಹೆಸರಿರುವ ನೋಂದಣಿ ಪ್ರಮಾಣಪತ್ರ. ಅದು ಇರುವ ಮರಿಗೆಂದೇ ಹೆಚ್ಚು ದುಡ್ಡು ಕೊಟ್ಟು ತಂದೆ. "ಪೇಪರ್ ಎರಡು ತಿಂಗಳಲ್ಲಿ ಪೋಸ್ಟಿನಲ್ಲಿ ಬರ್ತದ" ಎಂದರು. ಬರಲಿಲ್ಲ. ಆ ನಾಯಿ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಬಾಳಿತು, ಪ್ರೀತಿಗೆ ಏನೂ ಕೊರತೆಯಾಗಲಿಲ್ಲ. ಆದರೆ ಅದರ ತಂದೆ ಯಾರು, ತಾಯಿ ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಅಷ್ಟು ಒಳ್ಳೆಯ ಹೆಣ್ಣುನಾಯಿಯ ರಕ್ತ ಯಾವ ದಾಖಲೆಯಲ್ಲೂ ಉಳಿಯದೆ ಅದರ ಜೊತೆಗೇ ಮುಗಿದುಹೋಯಿತು. ಈ ಬರಹ ಹುಟ್ಟಿದ್ದು ಆ ನೋವಿನಿಂದ.

ಮುಧೋಳ ನಾಯಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮದು ಲ್ಯಾಬ್ರಡಾರ್ ಇರಲಿ, ರಾಜಪಾಳಯಂ ಇರಲಿ, ನೋಂದಣಿಯ ದಾರಿ ಹೆಚ್ಚುಕಡಿಮೆ ಇದೇ.

ಮೊದಲು: ಈ ಕಾಗದವನ್ನು ಯಾರು ಕೊಡುತ್ತಾರೆ, ಅದು ಏನನ್ನು ಹೇಳುತ್ತದೆ

1859ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಊರಲ್ಲಿ ಪಾಯಿಂಟರ್ ಮತ್ತು ಸೆಟರ್ ಬೇಟೆನಾಯಿಗಳನ್ನು ಸಾಲಾಗಿ ನಿಲ್ಲಿಸಿ ಬಹುಮಾನ ಕೊಟ್ಟರು. ಇಂದಿನ ರೀತಿಯ ನಾಯಿ ಪ್ರದರ್ಶನಗಳ ಆರಂಭ ಅದೇ ಎಂದು ಎಲ್ಲರೂ ಒಪ್ಪುತ್ತಾರೆ. ಪ್ರದರ್ಶನಗಳು ಹೆಚ್ಚಿದ ಹಾಗೆ ಒಂದೇ ಹೆಸರಿನ ಹತ್ತಾರು ನಾಯಿಗಳು ಬರತೊಡಗಿದವು. ಯಾವ ನಾಯಿ ಯಾವುದರ ಮಗ ಎಂಬ ಗೊಂದಲ ಎದ್ದಿತು. ಅದನ್ನು ಬಿಡಿಸಲು 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು, ಮರುವರ್ಷ ಅದರ ವಂಶಾವಳಿ ಪುಸ್ತಕ ಅಚ್ಚಾಯಿತು. ಅಮೆರಿಕದ ಕೆನಲ್ ಕ್ಲಬ್ 1884ರದು. 1911ರಲ್ಲಿ ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್ ದೇಶಗಳ ಸಂಸ್ಥೆಗಳು ಸೇರಿ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಅದರ ಕಚೇರಿ ಬೆಲ್ಜಿಯಂನಲ್ಲಿದೆ.

ನಮ್ಮ ದೇಶದಲ್ಲಿ ಆ ಒಕ್ಕೂಟದ ಜೊತೆಗಿರುವ ಸಂಸ್ಥೆ ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಕೆಸಿಐ. ಊರೂರಿನ ಕ್ಲಬ್‌ಗಳು ಅದಕ್ಕೆ ಸಂಯೋಜಿತವಾಗಿ ಷೋ, ಅಂದರೆ ನಾಯಿ ಪ್ರದರ್ಶನ, ನಡೆಸುತ್ತವೆ. ಬೆಂಗಳೂರು, ಮೈಸೂರುಗಳ ಷೋಗಳು ನಡೆಯುವುದು ಹೀಗೆ. ಇದಲ್ಲದೆ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಎಂಬ ಇನ್ನೊಂದು ಸಂಸ್ಥೆಯೂ ಇದೆ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಕೆಸಿಐ ಪುಸ್ತಕಗಳಲ್ಲಿ ನಮ್ಮ ನಾಯಿಯ ಹೆಸರು ಬಹುಕಾಲದಿಂದ ಕ್ಯಾರವಾನ್ ಹೌಂಡ್, ಎರಡನೆಯ ಸಂಸ್ಥೆಯಲ್ಲಿ ಮುಧೋಳ ಹೌಂಡ್. ಸಣ್ಣ ಕೂದಲಿನದನ್ನು ಕರ್ವಾನಿ ಎಂದೂ, ಕಿವಿ ಮತ್ತು ಬಾಲಕ್ಕೆ ಕುಚ್ಚಿನಂತೆ ಕೂದಲಿರುವುದನ್ನು ಪಶ್ಮಿ ಎಂದೂ ಕರೆಯುವುದು ಹಳೆಯ ರೂಢಿ. ಕಾಗದದ ಮೇಲೆ ಕ್ಯಾರವಾನ್ ಎಂದಿದ್ದ ಮಾತ್ರಕ್ಕೆ "ಬೇರೆ ತಳಿ ಕೊಟ್ಟು ಮೋಸ ಮಾಡಿದರು" ಎಂದು ಗಾಬರಿಯಾಗಬೇಡಿ.

ಸರಕಾರದ ಕಡೆಯಿಂದ ತಳಿಗಳನ್ನು ಗುರುತಿಸುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಅಲ್ಲಿ ಮೊದಲು ನೋಂದಣಿಯಾದ ನಾಯಿ ತಳಿಗಳು ಮೂರು: ರಾಜಪಾಳಯಂ, ಚಿಪ್ಪಿಪಾರೈ, ನಮ್ಮ ಮುಧೋಳ. ಆದರೆ ಬ್ಯೂರೋ ನೋಂದಾಯಿಸುವುದು ತಳಿಯನ್ನು. ನಿಮ್ಮ ಮನೆಯ ಒಂದು ನಾಯಿಯನ್ನು ಹೆಸರಿಟ್ಟು ದಾಖಲಿಸುವುದು ಕೆನಲ್ ಕ್ಲಬ್. ಈ ಎರಡನ್ನೂ ಕಲಸಿ ಮಾತಾಡುವ ಮಾರಾಟಗಾರರು ತುಂಬಾ ಇದ್ದಾರೆ.

ಇನ್ನು ಕಾಗದ ಏನು ಹೇಳುತ್ತದೆ? ಈ ನಾಯಿ ಇಂಥ ದಿನ ಹುಟ್ಟಿತು, ಇಂಥ ಗಂಡಿಗೂ ಇಂಥ ಹೆಣ್ಣಿಗೂ ಹುಟ್ಟಿತು, ಅವುಗಳ ಹಿಂದಿನವರು ಇವರು, ಅಷ್ಟೆ. ನಾಯಿ ಆರೋಗ್ಯವಾಗಿದೆ ಎಂದಾಗಲಿ, ಚೆನ್ನಾಗಿ ಓಡುತ್ತದೆ ಎಂದಾಗಲಿ, ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ ಎಂದಾಗಲಿ ಅದು ಹೇಳುವುದಿಲ್ಲ. ಇನ್ನೂ ಒಂದು ಮಾತು. ಆ ಹೆಸರುಗಳೆಲ್ಲ ಬಂದದ್ದು ಸಾಕಿದವರು ಬರೆದುಕೊಟ್ಟ ಅರ್ಜಿಗಳಿಂದ. ಒಬ್ಬ ಸುಳ್ಳು ಬರೆದರೆ ಆ ಸುಳ್ಳು ಮುಂದಿನ ಪ್ರತಿ ತಲೆಮಾರಿನ ಕಾಗದದಲ್ಲೂ ಅಚ್ಚಾಗುತ್ತ ಹೋಗುತ್ತದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ನಾನು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಬರೆಯುವವರು ನೀವೇ, ಆದ್ದರಿಂದ ಇದ್ದದ್ದನ್ನೇ ಬರೆಯಿರಿ.

ಹೆಜ್ಜೆ 1: ಮರಿಗಿಂತ ಮೊದಲು ತಾಯಿಯನ್ನು ನೋಡಿ

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಸೇನೆ 2016ರಲ್ಲಿ ತನ್ನ ಮೀರತ್ ಶ್ವಾನ ತರಬೇತಿ ಕೇಂದ್ರದಲ್ಲಿ ತರಬೇತಿ ಕೊಡಲು ಒಯ್ದ ಮುಧೋಳ ಮರಿಗಳು ಹೋದದ್ದು ಇಲ್ಲಿಂದಲೇ. ಕೇಂದ್ರದಿಂದ ಮರಿ ಬೇಕೆಂದರೆ ಮೊದಲೇ ವಿಚಾರಿಸಿ, ಸರದಿ ಕಾಯಬೇಕು. ಅದಲ್ಲದೆ ಮುಧೋಳ, ಬಾಗಲಕೋಟೆ ಸುತ್ತಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಈ ನಾಯಿ ಸಾಕುತ್ತ ಬಂದ ಮನೆಗಳು ಬೇಕಾದಷ್ಟಿವೆ. ನಿಜವಾದ ಸಂಪತ್ತು ಅಲ್ಲಿದೆ ಎಂಬುದು ನನ್ನ ನಂಬಿಕೆ. ಆದರೆ ಕಾಗದ ಇರುವುದು ಅವುಗಳಲ್ಲಿ ಕೆಲವೇ ಮನೆಗಳಲ್ಲಿ.

2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಮುಧೋಳದ ಹೆಸರು ಎತ್ತಿದ ಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದಾಗ ಬೆರಕೆಯೂ ಏರುತ್ತದೆ. ಓಟದ ಪಂದ್ಯದ ಆಸೆಗೆ ಗ್ರೇಹೌಂಡ್ ಜೊತೆ ಕೂಡಿಸಿದ ಮರಿಗಳೂ "ಅಸಲಿ ಮುಧೋಳ" ಎಂದು ಮಾರಾಟವಾಗುತ್ತವೆ. ಎಂಟು ವಾರದ ಮರಿಯನ್ನು ನೋಡಿ ಹೇಳುವುದು ಕಷ್ಟ, ತಾಯಿಯನ್ನು ನೋಡಿದರೆ ಅಂದಾಜು ಸಿಗುತ್ತದೆ. ಮುಧೋಳದ ಕಿವಿ ಕೆನ್ನೆಗೆ ಅಂಟಿದಂತೆ ಜೋತುಬಿದ್ದಿರುತ್ತದೆ. ಗ್ರೇಹೌಂಡಿನ ಕಿವಿ ಮಡಚಿ ಹಿಂದಕ್ಕೆ ಹೋಗಿರುತ್ತದೆ. ಗ್ರೇಹೌಂಡಿಗೆ ತೊಡೆ ಉಬ್ಬಿ ಮಾಂಸ ತುಂಬಿರುತ್ತದೆ, ಸೊಂಟದ ಹತ್ತಿರ ಬೆನ್ನು ಕಮಾನಿನಂತೆ ಏರುತ್ತದೆ. ನಮ್ಮದು ಒಣಕಲು ಮೈ, ಉದ್ದ ಕಿರಿದಾದ ತಲೆ, ಬಲವಾದ ಉದ್ದ ದವಡೆ, ತುದಿಗೆ ಸಣ್ಣಗಾಗುತ್ತ ಹೋಗುವ ಬಾಲ. ಬೆಳೆದ ಗಂಡು ಭುಜದ ಹತ್ತಿರ ಸುಮಾರು 68ರಿಂದ 72 ಸೆಂ.ಮೀ., ಹೆಣ್ಣು ಸುಮಾರು 64ರಿಂದ 68 ಸೆಂ.ಮೀ.

ತಾಯಿಯ ಸ್ವಭಾವ ನೋಡಿ. ಮುಧೋಳ ನಾಯಿ ಹೊಸಬರಿಂದ ದೂರ ನಿಲ್ಲುತ್ತದೆ, ಮೈ ಮುಟ್ಟಿಸಿಕೊಳ್ಳಲು ಇಷ್ಟಪಡುವುದಿಲ್ಲ. ಅದು ತಳಿಯ ಗುಣ. ಆದರೆ ಮೂಲೆಗೆ ಸೇರಿ ನಡುಗುವ, ಇಲ್ಲವೇ ಮಾಲೀಕರಿಗೇ ಹಲ್ಲು ತೋರಿಸುವ ತಾಯಿ ಇದ್ದರೆ ಆ ಮನೆಯ ಮರಿ ಬೇಡ. "ತಾಯಿ ಬೇರೆ ಊರಲ್ಲಿದೆ" ಎಂದರೂ ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ತಳಿ ಬೆಳೆಸಿ ಮಾರುವುದರ ಬಗೆಗಿನ 2017ರ ಕೇಂದ್ರ ನಿಯಮಗಳೇ ಹೇಳುತ್ತವೆ. ಐದು ವಾರದ ಮರಿ ಕೈಗೆ ಕೊಡುವವರು ಬೇರೆ ಯಾವ ನಿಯಮವನ್ನು ಪಾಲಿಸಿಯಾರು?

ಹೆಜ್ಜೆ 2: ದುಡ್ಡು ಕೊಡುವ ಮೊದಲು ಕೈಗೆ ಬರಬೇಕಾದದ್ದು

ನನ್ನ ತಪ್ಪು ನೀವು ಮಾಡಬೇಡಿ. ಮರಿಯ ಜೊತೆಗೇ ಇವು ಬರಬೇಕು:

– ತಂದೆ, ತಾಯಿ ಇಬ್ಬರ ನೋಂದಣಿ ಪ್ರಮಾಣಪತ್ರದ ಪ್ರತಿ. ಒಬ್ಬರದು ಮಾತ್ರ ಇದ್ದರೆ ಸಾಲದು.
– ಮರಿಯ ಸ್ವಂತ ಪ್ರಮಾಣಪತ್ರ. ಇನ್ನೂ ಬಂದಿರದಿದ್ದರೆ, ಆ ಸೂಲಿನ ಮರಿಗಳ ನೋಂದಣಿಗೆ ಅರ್ಜಿ ಸಲ್ಲಿಸಿದ್ದಕ್ಕೆ ಪುರಾವೆ.
– ಮರಿಯ ಮೈಕ್ರೋಚಿಪ್ ಸಂಖ್ಯೆ.
– ಲಸಿಕೆ, ಜಂತುಹುಳು ಔಷಧಿಯ ಪುಸ್ತಕ. ವೈದ್ಯರ ಸಹಿ ಮತ್ತು ಲಸಿಕೆ ಸೀಸೆಯ ಚೀಟಿ ಅಂಟಿಸಿದ್ದು.
– ಮಾಲೀಕತ್ವ ವರ್ಗಾವಣೆಗೆ ಮಾರಿದವರ ಒಪ್ಪಿಗೆ.

ಮೈಕ್ರೋಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೊಳವೆ. ಎರಡು ಭುಜದ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಅದರೊಳಗೆ ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಹಿಡಿದಾಗ 15 ಅಂಕಿಯ ಸಂಖ್ಯೆ ತೋರಿಸುತ್ತದೆ. ಅದು ಜಿಪಿಎಸ್ ಅಲ್ಲ, ಕಳೆದುಹೋದ ನಾಯಿಯನ್ನು ಹುಡುಕಿಕೊಡುವುದಿಲ್ಲ. ಆದರೆ ಈ ಕಾಗದ ಈ ನಾಯಿಯದೇ ಎಂದು ಸಾಬೀತು ಮಾಡಲು ಅದೇ ಸುಲಭದ ದಾರಿ. ಸತ್ತ ನಾಯಿಯ ಕಾಗದವನ್ನು ಬದುಕಿದ ನಾಯಿಗೆ ಹಚ್ಚುವ ಚಾಳಿಗೆ ಕಡಿವಾಣ ಬಿದ್ದದ್ದು ಚಿಪ್‌ನಿಂದ. ಆದ್ದರಿಂದ ಮರಿ ತಂದ ವಾರದೊಳಗೆ ನಿಮ್ಮ ಪಶುವೈದ್ಯರ ಹತ್ತಿರ ಒಯ್ದು ರೀಡರ್ ಹಿಡಿಸಿ, ಕಾಗದದ ಮೇಲಿನ 15 ಅಂಕಿಯನ್ನು ಒಂದೊಂದಾಗಿ ತಾಳೆ ನೋಡಿ.

ವೈದ್ಯರಿಗೆ ಇನ್ನೊಂದು ಮಾತು ತಪ್ಪದೆ ಹೇಳಿ: ಇದು ಕಣ್ಣಿನಿಂದ ನೋಡಿ ಓಡಿ ಬೇಟೆ ಹಿಡಿಯುವ ಜಾತಿಯ ನಾಯಿ, ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಆಪರೇಷನ್ ಮಾಡುವಾಗ ಔಷಧಿ ಆರಿಸಲು, ಪ್ರಮಾಣ ಲೆಕ್ಕ ಹಾಕಲು ಅವರಿಗೆ ಇದು ಬೇಕಾದ ಮಾಹಿತಿ.

ಹೆಜ್ಜೆ 3: ಕಾಗದವನ್ನು ನಿಮ್ಮ ಹೆಸರಿಗೆ ಮಾಡಿಸುವುದು

ಜಮೀನು ಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸುವುದಿಲ್ಲವೇ, ಇದೂ ಹಾಗೆಯೇ. ಪ್ರಮಾಣಪತ್ರದಲ್ಲಿ ಹಳೆಯ ಮಾಲೀಕರ ಹೆಸರೇ ಉಳಿದರೆ ಮುಂದೆ ಆ ನಾಯಿಯ ಮರಿಗಳನ್ನು ನೀವು ನೋಂದಾಯಿಸಲಾರಿರಿ. ವರ್ಗಾವಣೆ ಅರ್ಜಿಗೆ ಮಾರಿದವರ ಸಹಿ ಅಥವಾ ಒಪ್ಪಿಗೆ ಬೇಕು. ಅವರು ಊರು ಬಿಟ್ಟು ಹೋದ ಮೇಲೆ, ಫೋನ್ ನಂಬರ್ ಬದಲಾದ ಮೇಲೆ ಅದನ್ನು ಪಡೆಯುವುದು ದೊಡ್ಡ ಪಾಡು. ಮರಿ ತಂದ ತಿಂಗಳಲ್ಲೇ ಮುಗಿಸಿಬಿಡಿ.

ಹೆಜ್ಜೆ 4: ಕಾಗದವಿಲ್ಲದ ಒಳ್ಳೆಯ ನಾಯಿ ನಿಮ್ಮಲ್ಲಿದ್ದರೆ

ವಿದೇಶಿ ತಳಿಗಳಿಗೂ ನಮ್ಮ ನಾಡತಳಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಇಲ್ಲೇ ನಾನು ಓದುಗರ ಕೈ ಹಿಡಿದು ಕೇಳಿಕೊಳ್ಳುವುದು.

ಲ್ಯಾಬ್ರಡಾರಿಗೆ ನೂರು ವರ್ಷಕ್ಕಿಂತ ಹಳೆಯ ವಂಶಾವಳಿ ಪುಸ್ತಕವಿದೆ. ಮುಧೋಳಕ್ಕೆ ರಾಜಮನೆತನದ ಕಥೆಯಿದೆ. ಮಾಲೋಜಿರಾವ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಯ ಜೊತೆ ಮುಧೋಳವೂ ಇತ್ತು. ಇಷ್ಟಿದ್ದರೂ ಹೊಲದ ಕಟ್ಟೆಯ ಮೇಲೆ ಮಲಗಿರುವ ಸಾವಿರಾರು ಒಳ್ಳೆಯ ನಾಯಿಗಳ ಅಪ್ಪ ಅಮ್ಮನ ಹೆಸರು ಎಲ್ಲಿಯೂ ಬರೆದಿಲ್ಲ. ಅವನ್ನು ಹೊರಗಿಟ್ಟು ಕಾಗದವಿರುವ ಕೆಲವೇ ನಾಯಿಗಳನ್ನು ತಮ್ಮತಮ್ಮೊಳಗೇ ಕೂಡಿಸುತ್ತ ಹೋದರೆ ತಳಿ ಒಳಗಿನಿಂದ ಸೊರಗುತ್ತದೆ.

ಅದಕ್ಕಾಗಿ ಇರುವ ಬಾಗಿಲು ಇದು. ವಂಶ ತಿಳಿಯದ ಭಾರತೀಯ ತಳಿಯ ನಾಯಿಯನ್ನು ಕ್ಲಬ್ಬಿನ ತೀರ್ಪುಗಾರರು ಕಣ್ಣಾರೆ ನೋಡಿ, ತಳಿಲಕ್ಷಣ ಒಪ್ಪಿತವಾದರೆ "ತಂದೆ ತಾಯಿ ತಿಳಿಯದು" ಎಂದೇ ಬರೆದು ನೋಂದಣಿ ಕೊಡುತ್ತಾರೆ. ಸಾಮಾನ್ಯವಾಗಿ ಷೋ ನಡೆಯುವ ದಿನ ಅಥವಾ ನೋಂದಣಿ ಶಿಬಿರದಲ್ಲಿ ಇದು ನಡೆಯುತ್ತದೆ. ನೀವು ಮಾಡಬೇಕಾದ್ದು:

ನಾಯಿ ಪೂರ್ತಿ ಬೆಳೆಯುವವರೆಗೆ ಕಾಯಿರಿ, ಎಂಟು ತಿಂಗಳ ಮರಿಯನ್ನು ಒಯ್ದು ತಿರಸ್ಕಾರಕ್ಕೆ ಒಳಗಾಗಬೇಡಿ. ಮೊದಲೇ ಚಿಪ್ ಹಾಕಿಸಿ. ಹತ್ತಿರದ ಸಂಯೋಜಿತ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿ, ಮುಂದಿನ ಷೋ ಎಂದು, ಅಲ್ಲಿ ಈ ಪರಿಶೀಲನೆ ಇದೆಯೇ ತಿಳಿದುಕೊಳ್ಳಿ. ಎಡಬಲ ಬದಿ, ಎದುರು, ಹಿಂದೆ, ತಲೆ – ಹೀಗೆ ಸ್ವಚ್ಛ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಪರಿಶೀಲನೆಯ ದಿನ ನಾಯಿಯನ್ನು ಮುಟ್ಟಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಓಡಿಸಿ ನೋಡುತ್ತಾರೆ. ಅದಕ್ಕೆ ಮುಂದಿನ ಹೆಜ್ಜೆಯ ತಯಾರಿಯೇ ಬೇಕು.

ಯಾರಾದರೂ "ನನ್ನ ಹತ್ತಿರ ಒಂದು ಜೋಡಿಯ ಕಾಗದವಿದೆ, ಅದರ ಮರಿ ಅಂತ ಬರೆಸೋಣ ಬಿಡಿ" ಎಂದರೆ ಒಪ್ಪಬೇಡಿ. "ತಿಳಿಯದು" ಎಂದು ಬರೆಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ನಿಮ್ಮ ನಾಯಿಯಿಂದ ಹೊಸ ಸಾಲು ಶುರುವಾಗುತ್ತದೆ. ಮೂರು ತಲೆಮಾರು ದಾಟಿದ ಮೇಲೆ ಆ ಸಾಲಿನ ಮರಿಗೆ ಎರಡು, ನಾಲ್ಕು, ಎಂಟು ಸೇರಿ ಹದಿನಾಲ್ಕು ಹೆಸರಿನ ನಿಜವಾದ ವಂಶಾವಳಿ ಇರುತ್ತದೆ.

ಹೆಜ್ಜೆ 5: ಮುಟ್ಟಿಸಿಕೊಳ್ಳದ ನಾಯಿಯನ್ನು ರಿಂಗ್‌ಗೆ ಒಗ್ಗಿಸುವುದು

ರಿಂಗ್ ಅಂದರೆ ಷೋದಲ್ಲಿ ತೀರ್ಪುಗಾರರು ನಾಯಿಗಳನ್ನು ನೋಡುವ ಆವರಣ. ಷೋ ಎಂದರೆ ಸೌಂದರ್ಯ ಸ್ಪರ್ಧೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ತೀರ್ಪುಗಾರರು ಮಾಡುವ ಕೆಲಸ ಬೇರೆ: ತಳಿಗೆಂದು ಬರೆದಿಟ್ಟ ಲಕ್ಷಣಪಟ್ಟಿ ತಲೆಯಲ್ಲಿಟ್ಟುಕೊಂಡು, ಎದುರಿಗಿರುವ ನಾಯಿ ಅದಕ್ಕೆ ಎಷ್ಟು ಹತ್ತಿರವಿದೆ ಎಂದು ಅಳೆಯುತ್ತಾರೆ. ಪಕ್ಕದ ನಾಯಿಯ ಜೊತೆ ಹೋಲಿಕೆ ಬರುವುದು ಆಮೇಲೆ.

ಮುಧೋಳಕ್ಕೆ ದೊಡ್ಡ ಅಡ್ಡಿ ಅದರ ಮೈ ಮುಟ್ಟಿಸಿಕೊಳ್ಳದ ಸ್ವಭಾವ. ಅದನ್ನು ಬೈದು, ಎಳೆದು ಸರಿಮಾಡಲಾಗದು. ಒಮ್ಮೆ ನಂಬಿಕೆ ಕಳೆದುಕೊಂಡರೆ ಈ ನಾಯಿ ಬೇಗ ಮರೆಯುವುದಿಲ್ಲ. ಮೂರು ತಿಂಗಳ ಮರಿ ಇರುವಾಗಲೇ ಶುರು ಮಾಡಿ. ದಿನಕ್ಕೆ ಎರಡು ಸಲ, ಎರಡೇ ನಿಮಿಷ. ನೀವೇ ತುಟಿ ಎತ್ತಿ ಹಲ್ಲು ನೋಡಿ, ಕಿವಿ ಮುಟ್ಟಿ, ಭುಜದಿಂದ ಸೊಂಟದವರೆಗೆ ಕೈ ಆಡಿಸಿ, ಕಾಲು ಎತ್ತಿ ಇಡಿ. ಗಂಡಾದರೆ ಎರಡೂ ಬೀಜ ಇಳಿದಿವೆಯೇ ಎಂದು ರಿಂಗ್‌ನಲ್ಲಿ ಮುಟ್ಟಿ ನೋಡುತ್ತಾರೆ, ಅದಕ್ಕೂ ಒಗ್ಗಿಸಬೇಕು. ಪ್ರತಿ ಮುಟ್ಟಿಗೂ ಬೇಯಿಸಿದ ಕೋಳಿಯ ಸಣ್ಣ ಚೂರು. ತಿಂಗಳಾದ ಮೇಲೆ ಮನೆಯ ಬೇರೆಯವರಿಂದ, ಆಮೇಲೆ ಪಕ್ಕದ ಮನೆಯವರಿಂದ, ಕೊನೆಗೆ ಪೂರ್ತಿ ಅಪರಿಚಿತರಿಂದ ಇದೇ ಅಭ್ಯಾಸ. ನಾನು ವಾರಕ್ಕೊಮ್ಮೆ ಸಂತೆಯ ದಿನ ಸಂತೆಯ ಅಂಚಿನಲ್ಲಿ ನಾಯಿಯನ್ನು ಹಿಡಿದು ಅರ್ಧ ಗಂಟೆ ಸುಮ್ಮನೆ ನಿಲ್ಲುತ್ತಿದ್ದೆ. ಮೈಕಿನ ಸದ್ದು, ಜನ, ಬೇರೆ ನಾಯಿಗಳು, ಎಲ್ಲವೂ ಅಲ್ಲಿ ಸಿಗುತ್ತವೆ. ಷೋ ಮೈದಾನದ ಗದ್ದಲಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಸಿಕ್ಕಿಲ್ಲ.

ನಿಲ್ಲುವುದು: ನಾಲ್ಕು ಕಾಲೂ ನೆಲಕ್ಕೆ ಸಮನಾಗಿ, ಮುಂಗಾಲು ಭುಜದ ನೇರ ಕೆಳಗೆ, ಹಿಂಗಾಲಿನ ಹಿಮ್ಮಡಿ ಕೀಲಿನಿಂದ ಪಾದದವರೆಗಿನ ಎಲುಬು ನೆಲಕ್ಕೆ ಲಂಬವಾಗಿ. ಓಟ: ಬಾರು ಸಡಿಲ ಬಿಟ್ಟು ನಿಮ್ಮ ಎಡಗಡೆ ಒಂದೇ ಲಯದ ಹದವಾದ ಓಟ. ನೇರ ಹೋಗಿ ನೇರ ಬರುವುದು, ತ್ರಿಕೋನದಲ್ಲಿ ಓಡುವುದು, ಸುತ್ತು ಹಾಕುವುದು, ಈ ಮೂರನ್ನೂ ಕಲಿಸಿ. ನಾಯಿ ನೆಗೆದು ಓಡತೊಡಗಿದರೆ ನಡಿಗೆ ಕಾಣಿಸುವುದಿಲ್ಲ.

ಮೈ ತುಂಬಿಸಲು ಹೋಗಬೇಡಿ. "ಇಷ್ಟು ಸೊರಗಿದೆಯಲ್ಲ" ಎಂದು ನೆಂಟರು ಅಂದೇ ಅನ್ನುತ್ತಾರೆ. ಈ ತಳಿಗೆ ಪಕ್ಕೆಲುಬು ತುಸು ಕಾಣುವುದೇ ಹದ. ಜೋಳದ ನುಚ್ಚು, ಹಾಲು, ಮೊಟ್ಟೆ ತಿಂದು ಬೆಳೆದ ಹಳ್ಳಿಯ ನಾಯಿಗಳ ಮೈಕಟ್ಟು ನೋಡಿದರೆ ತಿಳಿಯುತ್ತದೆ. ಸ್ನಾಯು ಬರುವುದು ಓಟದಿಂದ. ಬೇಲಿ ಇರುವ ಬಯಲಲ್ಲಿ ಬೆಳಗ್ಗೆ ಬಿಡಿ. ಮೊಲದ ಹಿಂದೆ ಬಿಡುವುದು ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಹೆಜ್ಜೆ 6: ಷೋ ದಿನ

ನಮ್ಮಲ್ಲಿ ಷೋಗಳ ಕಾಲ ಹೆಚ್ಚಾಗಿ ಮಳೆ ಮುಗಿದ ಮೇಲಿಂದ ಬೇಸಿಗೆ ಬರುವ ತನಕ. ಕ್ಲಬ್ ಮೊದಲೇ ವೇಳಾಪಟ್ಟಿ ಪ್ರಕಟಿಸುತ್ತದೆ. ವಯಸ್ಸಿನ ವರ್ಗ, ಶುಲ್ಕ, ಪ್ರವೇಶದ ಕೊನೆಯ ದಿನ ಎಲ್ಲ ಅದರಲ್ಲಿರುತ್ತದೆ. ಕೊನೆಯ ದಿನ ಮುಗಿದ ಮೇಲೆ ಯಾರನ್ನು ಬೇಡಿದರೂ ಸೇರಿಸುವುದಿಲ್ಲ, ಏಕೆಂದರೆ ಕ್ಯಾಟಲಾಗ್ ಅಚ್ಚಿಗೆ ಹೋಗಿರುತ್ತದೆ. ನಾಯಿಯ ಹೆಸರು, ನೋಂದಣಿ ಸಂಖ್ಯೆ, ಹುಟ್ಟಿದ ದಿನ ಪ್ರಮಾಣಪತ್ರದಲ್ಲಿ ಇರುವಂತೆಯೇ ಅಕ್ಷರ ಬಿಡದೆ ಬರೆಯಿರಿ.

ಬ್ಯಾಗಿನಲ್ಲಿ: ಪ್ರಮಾಣಪತ್ರ, ರೇಬೀಸ್ ಸೇರಿದಂತೆ ಲಸಿಕೆ ಪುಸ್ತಕ, ಮನೆಯ ನೀರು, ಬಟ್ಟಲು, ಹಾಸು, ತೆಳು ಷೋ ಬಾರು, ಒರೆಸುವ ಒದ್ದೆ ಬಟ್ಟೆ. ಹಿಂದಿನ ರಾತ್ರಿ ಹಗುರ ಊಟ, ಬೆಳಗ್ಗೆ ಇನ್ನೂ ಕಡಿಮೆ. ಬಾಗಿಲಲ್ಲಿ ಪಶುವೈದ್ಯರು ನೋಡುತ್ತಾರೆ, ಚಿಪ್ ಓದುತ್ತಾರೆ.

ರಿಂಗ್‌ನಲ್ಲಿ ಮೊದಲು ನಿಮ್ಮ ತಳಿಯೊಳಗಿನ ವರ್ಗಗಳು: ಮರಿಗಳು, ಕಿರಿಯರು, ಭಾರತದಲ್ಲಿ ಹುಟ್ಟಿದವು, ಮುಕ್ತ ವರ್ಗ ಹೀಗೆ, ಗಂಡು ಹೆಣ್ಣು ಬೇರೆ ಬೇರೆ. ಗೆದ್ದವು ಮತ್ತೆ ಸೇರಿ ಚಾಲೆಂಜ್ ಸರ್ಟಿಫಿಕೇಟ್‌ಗೆ ನಿಲ್ಲುತ್ತವೆ. ಇದನ್ನೇ ಎಲ್ಲರೂ ಸಿಸಿ ಅನ್ನುವುದು. ಬೇರೆ ಬೇರೆ ತೀರ್ಪುಗಾರರ ಕೈಯಿಂದ ನಿಗದಿಯಾದಷ್ಟು ಸಿಸಿ ಕೂಡಿದರೆ ನಾಯಿಯ ಹೆಸರಿನ ಮುಂದೆ ಚಾಂಪಿಯನ್ ಎಂದು ಬರುತ್ತದೆ. ಒಬ್ಬರೇ ತೀರ್ಪುಗಾರರ ಮೆಚ್ಚುಗೆ ಸಾಲದು ಎಂಬ ಈ ಏರ್ಪಾಡು ಒಳ್ಳೆಯದು. ಗಂಡು ಹೆಣ್ಣುಗಳಲ್ಲಿ ಮೇಲಾದದ್ದು ತಳಿಯ ಅತ್ಯುತ್ತಮ ನಾಯಿ. ಅದು ಮುಂದೆ ತನ್ನ ಗುಂಪಿನಲ್ಲಿ ಸೆಣಸುತ್ತದೆ. ಎಫ್‌ಸಿಐ ಪದ್ಧತಿಯಲ್ಲಿ ಗುಂಪುಗಳು ಹತ್ತು. ಓಡಿ ಬೇಟೆ ಹಿಡಿಯುವ ನಾಯಿಗಳದು ಹತ್ತನೆಯದು. ಗುಂಪು ಗೆದ್ದವು ಸಂಜೆ ಬೆಸ್ಟ್ ಇನ್ ಷೋಗೆ.

ಸೋತರೆ ತೀರ್ಪುಗಾರರ ಹತ್ತಿರ ಬಿಡುವಿನಲ್ಲಿ ಹೋಗಿ "ಸರ್, ನನ್ನ ನಾಯಿಯ ದೋಷವೇನು?" ಎಂದು ವಿನಯದಿಂದ ಕೇಳಿ. ಬಹುತೇಕರು ಹೇಳುತ್ತಾರೆ. ನನ್ನ ಎರಡನೆಯ ಗಂಡಿನ ಭುಜ ನೆಟ್ಟಗಿದೆ, ಅದಕ್ಕೇ ಮುಂಗಾಲಿನ ಹೆಜ್ಜೆ ಗಿಡ್ಡ ಎಂದು ನನಗೆ ತಿಳಿದದ್ದು ಹೀಗೆ ಕೇಳಿದ್ದರಿಂದ. ಹೆಣ್ಣು ಆರಿಸುವಾಗ ಭುಜ ಚೆನ್ನಾಗಿ ಹಿಂದಕ್ಕೆ ಓರೆಯಾಗಿರುವುದನ್ನೇ ಹುಡುಕಿದೆ. ಸಿಸಿ ಸಿಗದ ಆ ದಿನ ನನಗೆ ಕೊಟ್ಟಷ್ಟನ್ನು ಗೆದ್ದ ದಿನಗಳು ಕೊಟ್ಟಿಲ್ಲ.

ಹೆಜ್ಜೆ 7: ಮರಿ ಮಾಡಿಸುವ ಮೊದಲು ಲೆಕ್ಕ

ಮೊದಲು ಕಾನೂನು. ನಾಯಿ ತಳಿ ಬೆಳೆಸಿ ಮಾರುವವರು 2017ರ ಕೇಂದ್ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ದಾಖಲೆ ಇಡಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಗಂಡು ಬಿಡುವಂತಿಲ್ಲ, 8 ವರ್ಷ ದಾಟಿದ ಮೇಲೆ ಬಿಡುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಸಲ್ಲದು. ನನ್ನ ಮನೆಯಲ್ಲಿ ಮೂರಕ್ಕೇ ನಿಲ್ಲಿಸುತ್ತೇನೆ.

ನಂತರ ರಕ್ತಸಂಬಂಧದ ಲೆಕ್ಕ. ಎರಡೂ ನಾಯಿಗಳ ವಂಶಾವಳಿಯನ್ನು ಪಕ್ಕಪಕ್ಕ ಇಟ್ಟು ಒಂದೇ ಹೆಸರು ಎರಡೂ ಕಡೆ ಬಂದಿದೆಯೇ ನೋಡಿ, ಬಂದಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ. ಒಡಹುಟ್ಟಿದ ಅಣ್ಣ ತಂಗಿಯನ್ನು ಕೂಡಿಸಿದರೆ ಮರಿಗಳ ಒಳಸಂಬಂಧದ ಪ್ರಮಾಣ (ಒಂದೇ ಪೂರ್ವಜನ ಅದೇ ಜೀನ್ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುವ ಸಾಧ್ಯತೆ) ಶೇ. 25, ತಂದೆ ಮಗಳನ್ನು ಕೂಡಿಸಿದರೂ ಅಷ್ಟೇ. ತಂದೆ ಒಬ್ಬನೇ, ತಾಯಿ ಬೇರೆಯಾದರೆ ಶೇ. 12.5. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಷ್ಟು ಹತ್ತಿರವಾದರೆ ಶೇ. 6.25. ಹಿಂದಿನ ತಲೆಮಾರುಗಳಲ್ಲೂ ಹೀಗೇ ನಡೆದಿದ್ದರೆ ಇದರ ಮೇಲೆ ಇನ್ನೂ ಕೂಡುತ್ತ ಹೋಗುತ್ತದೆ. ಪ್ರಮಾಣ ಏರಿದಷ್ಟೂ ಮರಿಗಳ ಸಂಖ್ಯೆ ಇಳಿಯುತ್ತದೆ, ಹುಟ್ಟಿದವು ಬದುಕುವುದು ಕಷ್ಟ, ಅಡಗಿದ್ದ ರೋಗಗಳು ಹೊರಬರುತ್ತವೆ. ಆ ವರ್ಷ ಷೋಗಳಲ್ಲಿ ಮೆರೆದ ಒಂದೇ ಗಂಡಿನ ಹತ್ತಿರ ಎಲ್ಲರೂ ಹೆಣ್ಣು ಒಯ್ದರೆ ಮುಂದಿನ ಐದು ವರ್ಷಕ್ಕೆ ಊರ ನಾಯಿಗಳೆಲ್ಲ ಅಣ್ಣ ತಂಗಿ ಆಗಿರುತ್ತವೆ. ಸಣ್ಣ ಸಂಖ್ಯೆಯ ನಮ್ಮ ತಳಿಗೆ ಇದು ದೊಡ್ಡ ಅಪಾಯ. ಹೆಜ್ಜೆ 4ರಲ್ಲಿ ಹೇಳಿದ, ಹಳ್ಳಿಯಿಂದ ಬಂದ "ತಂದೆ ತಾಯಿ ತಿಳಿಯದ" ನಾಯಿ ಇಲ್ಲಿ ಬಂಗಾರಕ್ಕೆ ಸಮ.

ಎರಡೂ ನಾಯಿಗೆ ಬ್ರೂಸೆಲ್ಲಾ ರಕ್ತಪರೀಕ್ಷೆ ಮಾಡಿಸಿ. ಗರ್ಭ ಇಳಿಸುವ ಈ ರೋಗ ಕೂಡಿಸುವಾಗ ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ. ಬೆದೆಗೆ ಬಂದ ದಿನ ಎಣಿಸುವುದರ ಜೊತೆಗೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದರೆ ಗಂಡು ಬಿಡುವ ಸರಿಯಾದ ದಿನ ತಿಳಿಯುತ್ತದೆ. ಗಂಡಿನ ಮಾಲೀಕರ ಜೊತೆ ಹಣವೋ, ಒಂದು ಮರಿಯೋ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಇಷ್ಟು ಬರೆಯದೆ ಮುರಿದ ಸ್ನೇಹಗಳನ್ನು ಕಂಡಿದ್ದೇನೆ. ಕೂಡಿದ ದಿನಾಂಕವನ್ನೂ ಅದರಲ್ಲೇ ಬರೆಯಿರಿ, ನೋಂದಣಿ ಅರ್ಜಿಗೆ ಬೇಕಾಗುತ್ತದೆ. ಗರ್ಭದ ಕಾಲ ಸುಮಾರು 63 ದಿನ.

ಹೆಜ್ಜೆ 8: ಸೂಲಿನ ನೋಂದಣಿ

ಅರ್ಜಿ ಹಾಕಬೇಕಾದವರು ಹೆಣ್ಣಿನ ಮಾಲೀಕರು. ಗಂಡು ಹೆಣ್ಣು ಎರಡೂ ಒಂದೇ ತಳಿಯವು, ಎರಡೂ ನೋಂದಣಿಯಾದವು, ಎರಡಕ್ಕೂ ಚಿಪ್ ಇರಬೇಕು. ಗಂಡಿನ ಮಾಲೀಕರ ಒಪ್ಪಿಗೆ ಬೇಕು. ತಡಮಾಡಿದಷ್ಟು ಶುಲ್ಕ ಏರುತ್ತದೆ. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಅರ್ಜಿ ತಯಾರಿರಲಿ.

ಹುಟ್ಟಿದ ರಾತ್ರಿಯೇ ನೋಟ್‌ಬುಕ್ ತೆಗೆದು ಪ್ರತಿ ಮರಿಯ ಹುಟ್ಟಿದ ಗಳಿಗೆ, ಗಂಡೋ ಹೆಣ್ಣೋ, ಬಣ್ಣ, ಎದೆಯ ಮೇಲಿನ ಬಿಳಿ ಮಚ್ಚೆ, ತೂಕ ಬರೆಯಿರಿ. ಸತ್ತು ಹುಟ್ಟಿದ್ದನ್ನೂ ಬರೆಯಿರಿ. ಒಂದೇ ಬಣ್ಣದ ಮರಿಗಳಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿ, ಬೆಳೆದಂತೆ ಬದಲಾಯಿಸಿ. ಚಿಪ್ ಹಾಕುವ ದಿನ ದಾರದ ಬಣ್ಣದ ಪಕ್ಕದಲ್ಲಿ ಚಿಪ್ಪಿನ ಚೀಟಿ ಅಂಟಿಸಿ. ಎಷ್ಟೋ ತಪ್ಪುಗಳು ಆಗುವುದು ಮೋಸದಿಂದಲ್ಲ, ಆರು ಒಂದೇ ತರಹದ ಮರಿಗಳ ನಡುವೆ ಕೈ ತಪ್ಪುವುದರಿಂದ.

ಐದು ಹುಟ್ಟಿದ್ದರೆ ಐದೇ ಬರೆಯಿರಿ. ಏಳು ಎಂದು ಬರೆದು ಉಳಿದ ಎರಡು ಕಾಗದವನ್ನು ಬೇರೆ ಮರಿಗೆ ಕೊಡುವವರು ತಳಿಯ ಬುಡಕ್ಕೆ ಕೊಡಲಿ ಹಾಕುತ್ತಿದ್ದಾರೆ.

ಮರಿಗಳ ಹೆಸರಿನ ಜೊತೆ ನಿಮ್ಮ ಮನೆತನದ ಹೆಸರು ಬರಬೇಕೆಂದರೆ ಕೆನಲ್ ಹೆಸರನ್ನು ಮೊದಲೇ ಅರ್ಜಿ ಹಾಕಿ ಪಡೆಯಬೇಕು. ಬೇರೆಯವರು ಅದೇ ಹೆಸರು ಇಟ್ಟಿರಬಾರದು, ಆದ್ದರಿಂದ ಮೂರು ನಾಲ್ಕು ಆಯ್ಕೆ ಕೊಡಿ. ನಮ್ಮ ನಾಯಿಗಳಿಗೆ ನಮ್ಮ ಹೊಳೆ, ಗುಡ್ಡ, ಊರಿನ ಹೆಸರಿಡಿ ಎಂಬುದು ನನ್ನ ಆಸೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 23 ತಳಿಗಳನ್ನು ಸಾಕುವುದರ ಮೇಲೆ ನಿರ್ಬಂಧ ಹೇರಲು ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಮುಧೋಳ ಆ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ತಳಿಯ ಮರಿ ಮಾಡಿಸುವವರು ಮಾತ್ರ ಆಗ ಜಾರಿಯಲ್ಲಿರುವ ನಿಯಮಗಳನ್ನು ವಿಚಾರಿಸಿಕೊಂಡೇ ಮುಂದೆ ಹೋಗಿ.

ಹೆಜ್ಜೆ 9: ಮರಿ ಕೊಟ್ಟು ಕಳಿಸುವ ದಿನ

ಎಂಟು ವಾರ ತುಂಬಿದ ಮೇಲೆ, ಮೊದಲ ಲಸಿಕೆ ಆದ ಮೇಲೆ. ಹೆಜ್ಜೆ 2ರಲ್ಲಿ ನೀವು ಕೇಳಿದ್ದೆಲ್ಲವನ್ನೂ ಈಗ ಕೊಡುವವರು ನೀವು. ಪ್ರಮಾಣಪತ್ರ ಬಂದಿಲ್ಲವೆಂದರೆ ಅರ್ಜಿಯ ರಸೀದಿ ಕೊಡಿ, ಬಂದ ದಿನವೇ ಕಳಿಸಿ. ತಿಂದು ರೂಢಿಯಾದ ಆಹಾರ ಒಂದು ವಾರಕ್ಕಾಗುವಷ್ಟು, ತಾಯಿಯ ವಾಸನೆ ಇರುವ ಒಂದು ಬಟ್ಟೆ ಕಟ್ಟಿಕೊಡಿ.

ಕೊಂಡವರ ನಂಬರ್ ನೋಟ್‌ಬುಕ್ಕಿನಲ್ಲಿ ಆ ಮರಿಯ ಪುಟದಲ್ಲೇ ಬರೆದುಕೊಳ್ಳಿ. ಮರಿಗೆ ಆರು ತಿಂಗಳಾದಾಗ ಒಮ್ಮೆ ಫೋನ್ ಮಾಡಿ, ಹಲ್ಲು ಹೇಗೆ ಕೂಡಿವೆ ಕೇಳಿ. ಒಂದೂವರೆ ವರ್ಷಕ್ಕೆ ಎತ್ತರ ಕೇಳಿ, ಬದಿಯಿಂದ ತೆಗೆದ ಫೋಟೊ ತರಿಸಿಕೊಳ್ಳಿ. ಏನಾದರೂ ಕಾಯಿಲೆ ಬಂದಿದೆಯೇ, ಯಾವ ವಯಸ್ಸಿಗೆ ಬಂತು ಎಂದು ಕೇಳಿ ಬರೆಯಿರಿ. ನೀವು ಕೇಳಿದ್ದನ್ನು ಬಯ್ಗುಳವೆಂದು ತಿಳಿಯದೆ ಅವರು ನಿಜ ಹೇಳುವಷ್ಟು ವಿಶ್ವಾಸ ಇಟ್ಟುಕೊಳ್ಳಿ. ಅದೇ ಹೆಣ್ಣಿಗೆ ಇನ್ನೊಮ್ಮೆ ಗಂಡು ಹುಡುಕುವಾಗ ಪ್ರಮಾಣಪತ್ರದ ಫೈಲಿಗಿಂತ ಮೊದಲು ನಾನು ತೆರೆಯುವುದು ಈ ನೋಟ್‌ಬುಕ್ಕನ್ನು.